ಅಳಿಸದೆ ಇಟ್ಟ ಫೋಟೋ

"ನಿಮ್ಮದು ಒಂದೇ ಒಂದು ಫೋಟೋನೂ ಹೋಗಿಲ್ಲ ಅಕ್ಕ. ನಿನ್ನೆ ಸಂಜೆ ನಿಮ್ಮ ತಂಗಿ ಯಜಮಾನ್ರು ಬಂದಿದ್ರು, ಅವರಿಗೆ ಎಲ್ಲಾ ತೆರೆದು ತೋರಿಸಿದೀನಿ," ಎಂದ ರಿಪೇರಿಯವನು, ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ.

ಪ್ರೂಫಕ್ಕನ ಕೈಯಲ್ಲಿದ್ದ ಪರ್ಸು ಕೌಂಟರಿನ ಮೇಲೆ ಬಿತ್ತು. "ಯಾರು ಬಂದಿದ್ರು ಅಂದ್ರಿ?"

"ಅದೇ ಅಕ್ಕ, ನಮ್ಮಲ್ಲೇ ಈ ಮಷಿನ್ನು ತಗೊಂಡು ನಿಮಗೆ ಕೊಡ್ಸಿದ್ರಲ್ಲ, ಆ ಸಾರ್. ಎಷ್ಟು ಒಳ್ಳೆ ಮನುಷ್ಯ! ನನಗೂ ಟೀ ತರಿಸಿ ಕೊಟ್ರು."

ಹೌದು, ಅವನು ಅಂಥವನೇ. ಮದುವೆಯಾದ ಹೊಸದರಲ್ಲಿ ಅಪ್ಪ ಈ ಅಳಿಯನಿಗೆ ಬೆಣ್ಣೆರಾಯ ಎಂದು ಪ್ರೀತಿಯಿಂದ ಹೆಸರಿಟ್ಟಿದ್ದರು. ಜೋರಾಗಿ ಒಂದು ಮಾತಾಡಿದವನಲ್ಲ. ಎದುರು ಮನೆಯ ಮುದುಕಿಗೆ ಔಷಧಿ ತಂದುಕೊಡುವವನೂ ಅವನೇ, ಹೆಂಡತಿಯ ಅಕ್ಕನಿಗೆ ಕಂಪ್ಯೂಟರು ಕೊಡಿಸಿದವನೂ ಅವನೇ. ಅವನು ಹೆಂಡತಿಯ ಪಕ್ಕೆಲುಬು ಮುರಿದ ಎಂದರೆ ಠಾಣೆಯವರು ನಂಬಲಿಲ್ಲ. "ಅವಳಿಗೆ ಸ್ವಲ್ಪ ಮನಸ್ಸು ಸರಿಯಿಲ್ಲ ಸಾರ್, ನಾನೇ ನೋಡ್ಕೋತೀನಿ" ಎಂದು ಅವರೆದುರೇ ಹೆಂಡತಿಯ ಹೆಗಲಿಗೆ ಶಾಲು ಹೊದಿಸಿದ. ಆಮೇಲೆ ಅವನ ಕೈ ಮಗುವಿನ ಮೇಲೂ ಹೋಯಿತು. ಅವತ್ತೇ ತಂಗಿ ಮಗಳನ್ನು ಎತ್ತಿಕೊಂಡು ಊರು ಬಿಟ್ಟಳು. ಅವರು ಎಲ್ಲಿದ್ದಾರೆಂದು ಗೊತ್ತಿದ್ದದ್ದು ಪ್ರೂಫಕ್ಕನೊಬ್ಬಳಿಗೇ.

ಪುಸ್ತಕಗಳ ಪ್ರೂಫು ತಿದ್ದುವುದು ಅವಳ ಕೆಲಸ. ಅಚ್ಚಿನ ಮನೆಯವರು ಇಟ್ಟ ಹೆಸರೇ ಬೀದಿಯಲ್ಲೆಲ್ಲ ನಿಂತಿತ್ತು. ಊರವರ ತಪ್ಪು ಹಿಡಿದು ಅನ್ನ ತಿನ್ನುವವಳು, ತನ್ನ ಯಂತ್ರವನ್ನು ರಿಪೇರಿಗೆಂದು ಪರರ ಕೈಗೆ ಸುಮ್ಮನೆ ಕೊಟ್ಟಾಳೆಯೇ? ಫ್ಯಾನು ಗೊರಗೊರ ಎಂದು ಬಿಸಿಯಾಗಿ ಆರಿಹೋಗುತ್ತಿದ್ದ ಲ್ಯಾಪ್‌ಟಾಪನ್ನು ಮತ್ತೆ ಮತ್ತೆ ತಣ್ಣಗಾಗಿಸಿ, ಕೂತು ಒಂದೊಂದಾಗಿ ಅಳಿಸಿದ್ದಳು. ಬ್ಯಾಂಕಿನದು ಹೋಯಿತು, ಇ-ಮೇಲು ಮುಚ್ಚಿತು, ತಂಗಿಯ ಬಾಡಿಗೆ ಕೋಣೆಯ ವಿಳಾಸ ಹೋಯಿತು.

ಉಳಿದದ್ದು ಒಂದು ಫೋಟೋ. ಹೊಸ ಊರಿನಲ್ಲಿ ಮಗು ಶಾಲೆಗೆ ಹೋದ ಮೊದಲ ದಿನದ್ದು. "ನೋಡಿ ಅಳಿಸಿಬಿಡು ಅಕ್ಕ" ಎಂದು ತಂಗಿ ಕಳಿಸಿದ್ದಳು. "ಅಳಿಸಿದೆ ಕಣೇ" ಎಂದು ಅವಳೂ ಹೇಳಿದ್ದಳು. ಫೋನಿನಿಂದ ಅಳಿಸಿದ್ದು ನಿಜ. ಆದರೆ ಎತ್ತಿ ಆಡಿಸಿದ ಮಗು. ಮುಖ ನೋಡದೆ ತಿಂಗಳುಗಟ್ಟಲೆ ಹೇಗಿರುವುದು? ಲ್ಯಾಪ್‌ಟಾಪಿನಲ್ಲಿ 'ಹಳೇ ಪ್ರೂಫು' ಎಂಬ ಫೋಲ್ಡರಿನಲ್ಲಿ ತುರುಕಿ ಇಟ್ಟಿದ್ದಳು. ಅದನ್ನು ಯಾವ ಪುಣ್ಯಾತ್ಮ ತೆರೆದು ನೋಡುತ್ತಾನೆ? ಒಂದು ಪೆನ್‌ಡ್ರೈವಿಗೆ ಹಾಕಿ ಸಕ್ಕರೆ ಡಬ್ಬಿಯಲ್ಲಿ ಹುದುಗಿಸಬಹುದಿತ್ತು. ಹೊಳೆಯಲಿಲ್ಲ, ಅಷ್ಟೆ.

"ನನ್ನ ನಂಬರು ಕೊಟ್ಟಿದ್ನಲ್ಲಪ್ಪ," ಎಂದಳು.

"ಕೊಟ್ಟಿದ್ರಿ, ಆ ಚೀಟಿ ಎಲ್ಲಿಟ್ನೋ ಏನೋ. ಮಷಿನ್ ಬೆನ್ನಿಗೇ ನಮ್ಮ ಸ್ಟಿಕ್ಕರ್ ಇತ್ತಲ್ಲ ಅಂತ ಅದ್ರಲ್ಲಿದ್ದ ನಂಬರಿಗೆ ಮಾಡ್ದೆ." ಅವನು ಲ್ಯಾಪ್‌ಟಾಪನ್ನು ಮಗುಚಿ ತೋರಿಸಿದ. ಮಾರಿದ ಪ್ರತಿಯೊಂದು ಯಂತ್ರದ ತಳಕ್ಕೂ ಕೊಂಡವರ ನಂಬರು ಬರೆದು ಅಂಟಿಸುವುದು ಆ ಅಂಗಡಿಯ ರೂಢಿ. ವರ್ಷಗಟ್ಟಲೆ ಅವಳ ತೊಡೆಯ ಮೇಲೇ ಕೂತಿದ್ದ ಸ್ಟಿಕ್ಕರು. ಅಂಚು ಕಪ್ಪಾಗಿದ್ದರೂ ಅಂಕಿಗಳು ಅಳಿಸಿರಲಿಲ್ಲ. ಯಂತ್ರದ ಒಳಗನ್ನೆಲ್ಲ ಗುಡಿಸಿದವಳು ಬೆನ್ನು ತಿರುಗಿಸಿ ನೋಡಿರಲಿಲ್ಲ.

"ಏನೇನು ನೋಡಿದ ಅವನು?"

"ಏನೂ ಇಲ್ಲಕ್ಕ, ಫೋಟೋ ಅಷ್ಟೆ. ಒಂದ್ಸಲ ಒಬ್ರು ನಮ್ಮ ಫೋಟೋ ಎಲ್ಲಾ ಹಾಳ್ಮಾಡಿದೆ ಅಂತ ಇಲ್ಲೇ ಕೂತು ರಂಪ ಮಾಡಿದ್ರು. ಅವತ್ತಿಂದ ಕೊಡೋ ಮುಂಚೆ ಕಣ್ಣೆದುರಿಗೇ ತೆರೆದು ತೋರಿಸ್ತೀನಿ. ಯಾವ ಮೂಲೇಲಿ ಇಟ್ಟಿದ್ರೂ ಎಲ್ಲಾ ಒಂದೇ ಕಡೆ ಸಾಲಾಗಿ ಬರುತ್ತೆ." ಅವನ ಮುಖದಲ್ಲಿ ಹೆಮ್ಮೆಯಿತ್ತು. "ಪಾಪ, ಮಗು ಫೋಟೋ ಬಂತು ನೋಡಿ, ನಿಲ್ಸಿ ನಿಲ್ಸಿ ಅಂದ್ರು. ಕಣ್ತುಂಬಾ ನೀರು. ನನಗೂ ಹೆಣ್ಮಕ್ಳಿದಾರೆ, ಕರುಳು ಚುರುಕ್ ಅಂತು. ದೊಡ್ಡದು ಮಾಡಿ ಅಂದ್ರು, ಮಾಡ್ದೆ. ಇನ್ನೂ ದೊಡ್ಡದು ಮಾಡಿ ಅಂದ್ರು. ಮೌಸು ಅವರ ಕೈಗೇ ಕೊಟ್ಟೆ."

"ತೆಗಿ," ಎಂದಳು. ಮರ್ಯಾದೆಯ ಬಹುವಚನ ಎಲ್ಲಿ ಹೋಯಿತೋ. "ತೆಗಿ ಬೇಗ."

ಅವನು ಮುಚ್ಚಳ ತೆರೆದು ಗುಂಡಿ ಒತ್ತಿದ. ಆಕೆಯೇ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದ ಪಾಸ್‌ವರ್ಡನ್ನು ನೋಡಿಕೊಂಡು ಒತ್ತಿದ. ನಿನ್ನೆ ಬಿಟ್ಟದ್ದು ಬಿಟ್ಟಂತೆಯೇ ಪರದೆಯ ಮೇಲೆ ಬಂತು. ಅದರಲ್ಲಿ ಮಗುವಿನ ಮುಖವೇ ಇರಲಿಲ್ಲ. ನೀಲಿ ಬೋರ್ಡು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಶಾಲೆಯ ಹೆಸರು, ರಸ್ತೆ, ಊರು, ಫೋನ್ ನಂಬರು. ಕೆಳಗಿನ ಅಂಚಿನಲ್ಲಿ ಹಳದಿ ಕ್ಲಿಪ್ಪು ಹಾಕಿದ ಒಂದಿಷ್ಟು ಕೂದಲು.

ಎಷ್ಟು ಸಲ ನೋಡಿದ್ದಳು ಈ ಫೋಟೋವನ್ನು! ಅಲ್ಪವಿರಾಮ ಬಿಟ್ಟುಹೋದರೂ ಹಿಡಿಯುವ ಕಣ್ಣು, ಮಗುವಿನ ತಲೆಯ ಮೇಲಿದ್ದ ಅಷ್ಟು ದೊಡ್ಡ ಬೋರ್ಡನ್ನು ಒಂದು ಸಲವೂ ಓದಿರಲಿಲ್ಲ. ಮುಖ ನೋಡುತ್ತಿದ್ದಳು, ಬರೀ ಮುಖ.

ತಂಗಿಗೆ ಫೋನು ಹಚ್ಚಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ತಂಗಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ ಎಂದು ಅವಳೇ ನಗುತ್ತ ಹೇಳಿದ್ದಳು.

ಪರದೆಯ ಮೇಲಿನ ನಂಬರನ್ನೇ ನೋಡಿ ಒತ್ತಿದಳು. ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಶಾಲೆಯ ಆಫೀಸಿನ ಹೆಂಗಸು ಎತ್ತಿಕೊಂಡಳು. ಮಗುವಿನ ಹೆಸರು ಹೇಳುತ್ತಲೇ ಅವಳ ದನಿ ಅರಳಿತು.

"ಓ, ಅವಳಾ! ಅವಳಪ್ಪ ಬಂದಿದಾರೆ. ಬೆಳಿಗ್ಗೇನೇ ಫೋನ್ ಮಾಡಿ ಎಷ್ಟೊತ್ತಿಗೆ ಬಿಡ್ತೀರಿ ಅಂತ ಕೇಳಿದ್ರು. ಗೇಟ್ ಹತ್ರ ಬೆಂಚಿನ ಮೇಲೆ ಕೂತಿದಾರೆ. ಹೊಸಾ ಷೂ ತಂದಿದಾರೆ ಮಗೂಗೆ."

"ಅವನ ಜೊತೆ ಕಳಿಸ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಕಳಿಸ್ಬೇಡಿ. ಅವಳಮ್ಮನ ಪಕ್ಕೆ ಮುರಿದವನು ಅವನು. ಮಗೂಗೂ ಹೊಡೀತಾನೆ."

"ಅಲ್ಲಮ್ಮ, ಕಾಗದಪತ್ರ ಎಲ್ಲಾ ತೋರಿಸಿದ್ರು, ಅಪ್ಪ ಅವರೇ. ನೀವು ಯಾರು?"

"ಅವಳ ದೊಡ್ಡಮ್ಮ."

ಹಾಳೆ ಮಗುಚುವ ಸದ್ದು. "ದೊಡ್ಡಮ್ಮ ಅಂತ ಇಲ್ಲಿ ಯಾರನ್ನೂ ಬರೆಸಿಲ್ವಲ್ಲಮ್ಮ. ಅಮ್ಮನ ಹೆಸರು ಬಿಟ್ರೆ ಬೇರೆ ಯಾರದ್ದೂ ಇಲ್ಲ."

ಇರಲು ಹೇಗೆ ಸಾಧ್ಯ? ನನ್ನ ಹೆಸರು ಎಲ್ಲೂ ಬರೆಸಬೇಡ, ಅದೇ ಜಾಡು ಹಿಡಿದು ಬಂದಾನು ಎಂದು ತಂಗಿಗೆ ಹೇಳಿಕೊಟ್ಟವಳು ಇವಳೇ.

"ಅವಳಮ್ಮನ್ನ ಕರೆಸಿ, ಪೊಲೀಸರನ್ನ ಕರೆಸಿ. ಅಲ್ಲೀತನಕ ಮಗೂನ ನಿಮ್ಮ ಪಕ್ಕದಲ್ಲೇ ಕೂರಿಸ್ಕೊಳಿ ತಾಯಿ. ನಾನು ಸುಳ್ಳು ಹೇಳ್ತಿದ್ರೆ ಆಮೇಲೆ ನನಗೇ ಬೇಡಿ ಹಾಕ್ಸಿ."

"ಹೆಡ್ ಮೇಡಂನ ಕೇಳ್ಕೊಂಡು ಬರ್ತೀನಿ. ಇಡ್ಬೇಡಿ." ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು, ಆಮೇಲೆ ದೂರವಾಗುವ ಚಪ್ಪಲಿಯ ಸದ್ದು. ಅವಸರವೇ ಇಲ್ಲದ ಚಪ್ಪಲಿ.

ಪ್ರೂಫಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಎಲ್ಲೋ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅಷ್ಟೂ ದನಿಗಳಲ್ಲಿ ಒಂದನ್ನು ಹೆಕ್ಕಲು ನೋಡಿದಳು, ಆಗಲಿಲ್ಲ.

ರಿಪೇರಿಯವನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತ್ತು. ಅರ್ಧ ಮಾತು ಕೇಳಿಯೇ ಅವನ ಮುಖದ ರಕ್ತ ಇಳಿದಿತ್ತು. ಏನಾದರೂ ಮಾಡಬೇಕು, ಏನೆಂದು ತಿಳಿಯದು. ಮೌಸನ್ನು ಹಿಡಿದು ಫೋಟೋವನ್ನು ಮೆಲ್ಲಗೆ ಚಿಕ್ಕದು ಮಾಡತೊಡಗಿದ. ಬೋರ್ಡು ಹಿಂದೆ ಸರಿಯಿತು. ಕ್ಲಿಪ್ಪು ಬಂತು, ಹಣೆ ಬಂತು, ಮುಂದಿನ ಹಲ್ಲು ಬಿದ್ದ ಬಾಯಿ ಬಂತು.

"ಅಕ್ಕ," ಎಂದ, ಅಳುವವನ ಹಾಗೆ. "ಇದನ್ನ ಅಳಿಸಿಬಿಡ್ಲಾ?"

ಫೋನಿನೊಳಗೆ ಮಗ್ಗಿ ನಿಂತು ಶಾಲೆ ಬಿಡುವ ಗಂಟೆ ಹೊಡೆಯಿತು. ಬೆಂಚು ಎಳೆಯುವ ಸದ್ದು, ಓಡುವ ಕಾಲುಗಳ ಸದ್ದು. ಪರದೆಯ ಮೇಲೆ ಮಗು, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟುಕೊಂಡು, ಗೇಟಿನಾಚೆ ನಿಂತವರನ್ನು ನೋಡಿ ನಗುತ್ತಿತ್ತು.