ಬೆಂಡು ಮುಳುಗಿದ ಹೊತ್ತು

ಮೇ ತಿಂಗಳಲ್ಲಿ ವಾಲ್‌ಐ ಮೀನಿನ ಬೇಟೆ ಆರಂಭವಾಗುವ ಶನಿವಾರ, ಅಜ್ಜ ಉರ್ಹೊನ ದೋಣಿಯಲ್ಲಿ ನಾನು ಪರೀಕ್ಷಕಿಯಾಗಿ ಕುಳಿತಿದ್ದೆ. ಎಂಬತ್ತೊಂದರ ಅವನು ಸರೋವರಕ್ಕೆ ಒಬ್ಬನೇ ಹೋಗುವುದನ್ನು ನಿಲ್ಲಿಸಬೇಕೇ ಎಂದು ನೋಡಿ ಹೇಳಲು ಅಮ್ಮ ನನ್ನನ್ನು ಕಳುಹಿಸಿದ್ದಳು. ಅದು ಅವನಿಗೂ ಗೊತ್ತಿತ್ತು.

ಐವತ್ತು ವರ್ಷಗಳಿಂದ ಅವನ ಗಾಳದ ಕಟ್ಟು ಒಂದೇ: ದಾರದ ಮೇಲೆ ಜಾರುವ ಸೀಸದ ಗುಂಡು, ಅದರಾಚೆ ಮಾರುದ್ದದ ತುದಿನೂಲು, ಜಿಗಣೆ ಚುಚ್ಚಿದ ಸಣ್ಣ ಕೊಕ್ಕೆ. ಮೀನು ಮುಟ್ಟಿದ್ದು ತೋರುಬೆರಳಿಗೆ ತಿಳಿದೊಡನೆ ದಾರ ಸಡಿಲಬಿಟ್ಟು, ಹತ್ತು ಎಣಿಸಿ ಎಳೆಯಬೇಕು. ಗುಂಡಿನ ಭಾರ ತಾಗದ ಕಾರಣ ಮೀನು ಶಂಕಿಸುವುದಿಲ್ಲ. ಆದರೆ ಅವನ ಕೈ ನಡುಗುತ್ತಿತ್ತು. ಬೆಳಿಗ್ಗೆ ಕೊಕ್ಕೆಗೆ ದಾರ ಪೋಣಿಸಲಾಗದೆ ನನಗೆ ಕೊಟ್ಟಿದ್ದ. ದೋಷ ಬೆರಳಿನದೆಂದು ನಿರ್ಣಯಿಸಿ, ನಾನು ಗುಂಡಿನ ಬದಲು ನೀರಿನ ಮೇಲೆ ತೇಲುವ ಕಿತ್ತಳೆ ಬಣ್ಣದ ಬೆಂಡು ಕಟ್ಟಿದೆ.

"ಬೆಂಡು ಚಿಕ್ಕ ಮಕ್ಕಳಿಗೆ ಕಣೇ. ಹಾಲಿನ ಬಾಟ್ಲಿನೂ ತಂದಿದೀಯಾ?"

"ಬೆರಳು ಕೈಕೊಟ್ರೆ ಕಣ್ಣಿದೆಯಲ್ಲ ಅಜ್ಜ. ಅದು ಮುಳುಗಿದಾಗ ಎಳಿ, ಅಷ್ಟೇ."

ಅವನು ಗಾಳ ಎಸೆದ.

ಇಪ್ಪತ್ತು ನಿಮಿಷಗಳ ಬಳಿಕ, ದೋಣಿಯಿಂದ ಹತ್ತೇ ಅಡಿ ದೂರದಲ್ಲಿ, ಬೆಂಡು ಒಮ್ಮೆ ವಾಲಿ ನೇರ ಕೆಳಗಿಳಿಯಿತು. ಅಜ್ಜ ಅತ್ತಲೇ ಮುಖಮಾಡಿದ್ದ.

"ಅಜ್ಜ, ಬೆಂಡು ಹೇಗಿದೆ?"

"ಹಾಯಾಗಿ ತೇಲ್ತಾ ಇದೆ. ನಿನ್ನಷ್ಟೇ ಸೋಮಾರಿ."

ನೀರಿನ ಮೇಲೆ ಬೆಂಡಿರಲಿಲ್ಲ. ಅವನ ಕಪ್ಪು ಕನ್ನಡಕದ ಮುಂದೆ ನಾನು ಮೂರು ಬೆರಳು ಹಿಡಿದೆ. ಅವನು ಕಾಫಿ ಗುಟುಕರಿಸಿದ.

"ಯಾವಾಗಿನಿಂದ?"

ಅವನು ಲೋಟ ಕೆಳಗಿಟ್ಟ. "ಹಿಮ ಬೀಳೋ ಮುಂಚೆಯಿಂದ. ಬೆಳಕು, ನೆರಳು ತಿಳಿಯುತ್ತೆ."

"ಹಾಗಾದ್ರೆ ಬರೋವಾಗ ದೋಣಿನ ಬಂಡೆಸಾಲು ಹೇಗೆ ದಾಟಿಸ್ದೆ?"

"ಎಣಿಸ್ದೆ. ದೋಣಿಕಟ್ಟೆಯಿಂದ ನಾನೂರು. ಆಮೇಲೆ ಗಾಳಿ ಎಡಗೆನ್ನೆಗೆ ಬರೋ ಹಾಗೆ ತಿರುಗಿಸಿ, ಇನ್ನೂರು."

ಆ ಬಂಡೆಗಳು ನೀರಿನಿಂದ ಒಂದಡಿಯಷ್ಟೇ ಕೆಳಗಿವೆ; ನಡುವಿನ ದಾರಿ ದೋಣಿಯ ಎರಡರಷ್ಟು ಅಗಲ. ನಾವು ಪೂರ್ಣ ವೇಗದಲ್ಲಿ ಬಂದಿದ್ದೆವು.

"ನಾನು ದಾರಿಯುದ್ದಕ್ಕೂ ಮಾತಾಡ್ತಿದ್ದೆನಲ್ಲ?"

"ಹೂಂ. ಅಲ್ಲೊಂಚೂರು ಲೆಕ್ಕ ತಪ್ತು."

ನಾನು ಗಾಳ ಕೈಗೆ ತೆಗೆದುಕೊಂಡೆ. ದಾರ ಸುತ್ತಿದಾಗ ಕೊಕ್ಕೆ ಬರಿದಾಗಿತ್ತು. ಬೆಂಡು ಬಿಚ್ಚಿ, ಸೀಸದ ಗುಂಡು ಕಟ್ಟಿ, ಹೊಸ ಜಿಗಣೆ ಚುಚ್ಚಿ ನೀರಿಗಿಳಿಸಿ, ದಾರವನ್ನು ಅವನ ತೋರುಬೆರಳಿನ ಮೇಲಿರಿಸಿದೆ.

"ನಿಮ್ಮಮ್ಮಂಗೆ ಹೇಳ್ತೀಯಾ?"

"ಹೇಳ್ತೀನಿ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತಿನಲ್ಲೇ ಅವನ ಬೆರಳಿನ ನಡುಕ ನಿಂತಿತು. ದಾರ ಸಡಿಲಬಿಟ್ಟ, ತುಟಿಗಳು ಹತ್ತರವರೆಗೆ ಚಲಿಸಿದವು, ಗಾಳದ ಕೋಲು ಬಾಗಿತು.

ಮೀನು ಕೈಬಲೆಗೆ ಬಂದ ಮೇಲೆ ನಾನು ಹಿಂಬದಿಗೆ ಹೋಗಿ ಎಂಜಿನ್ನಿನ ಹಿಡಿ ಹಿಡಿದೆ. ಅಜ್ಜ ತಡವರಿಸುತ್ತ ಮುಂದಿನ ಹಲಗೆಗೆ ಸರಿದ. ಆ ಹಲಗೆಯ ಮೇಲೆ ಅವನು ಕುಳಿತದ್ದನ್ನು ನಾನೆಂದೂ ಕಂಡಿರಲಿಲ್ಲ.

"ನಿಧಾನ ಹೋಗು," ಎಂದ. "ನಾನು ಎಣಿಸ್ತಿರ್ತೀನಿ, ಮಾತಾಡ್ಬೇಡ."