ಬಾನೆಟ್ಟಿನೊಳಗಿನ ಅಮ್ಮ

"ನೀರು ಸೋರ್ತಾ ಇಲ್ಲ ಕಣೇ, ಅಮ್ಮನೇ ಕುಡೀತಾ ಇದಾಳೆ. ಹೆಂಗಸನ್ನ ಡ್ರೈವರ್ ಸೀಟಲ್ಲಿ ಕೂರಿಸಿದ್ದಕ್ಕೆ ಮುನಿಸು," ಎಂದು ಊರ ಯಜಮಾನ ಇಂಟಾ, ಪಿಕಪ್ಪಿನ ಕೀಯನ್ನು ತನ್ನ ತಂಗಿಯ ಮಗ ಥವೀಯ ಕೈಗೆ ಹಾಕಿದ.

ಬುವಾಲೈಗೆ ಮೈಯೆಲ್ಲ ಉರಿದುಹೋಯಿತು. ಊರಿನವರೆಲ್ಲ ಸೇರಿ ಕೊಂಡ ಡೀಸೆಲ್ ಗಾಡಿ ಅದು. ಮೊದಲಿನಿಂದಲೂ ಓಡಿಸುತ್ತಿದ್ದವಳು ಅವಳೇ. ಸಂತೆಗೆ ಹೊರಟ ಎಲೆಕೋಸು, ಆಸ್ಪತ್ರೆಗೆ ಹೊರಟ ಬಸುರಿಯರು, ಎಲ್ಲ ಅವಳ ಕೈಯಲ್ಲೇ ಬೆಟ್ಟ ಇಳಿದದ್ದು. ಹೊಸ ವರ್ಷದ ನೀರೆರಚಾಟದ ಹಬ್ಬ ಮುಗಿದಾಗಿನಿಂದ ರೇಡಿಯೇಟರು ಬರಿದಾಗತೊಡಗಿತ್ತು. ನಿನ್ನೆ ಏರಿನಲ್ಲಿ ಎಂಜಿನ್ ಕುದಿದು ನಿಂತೇಬಿಟ್ಟಿತ್ತು. ಅಷ್ಟಕ್ಕೇ ಕೀ ಕಿತ್ತುಕೊಳ್ಳುವುದೇ? ಕಳೆದ ಮಳೆಗಾಲದಲ್ಲಿ ಥವೀ ಇದೇ ಗಾಡಿಯನ್ನು ಚರಂಡಿಗೆ ಇಳಿಸಿದಾಗ ಯಾವ ಅಮ್ಮನಿಗೂ ಮುನಿಸು ಬಂದಿರಲಿಲ್ಲ!

"ಗಾಡಿ ಕಾಯೋ ಮೇ ಯಾ ನಾಂಗ್ ಅಮ್ಮನೂ ಹೆಂಗಸೇ ಅಲ್ವಾ, ಯಜಮಾನ್ರೇ? ಅವಳಿಗ್ಯಾಕೆ ನನ್ನ ಮೇಲೆ ಮುನಿಸು?"

ವಿಹಾರದ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಇಂಟಾನ ಮುಖ ಕೆಂಪಾಯಿತು. "ಬಾಯಿ ಜೋರು ಮಾಡ್ಬೇಡ. ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಎಂಜಿನ್ ಬಿಚ್ಬೇಕು ಅಂತ ಪೇಟೆ ಗ್ಯಾರೇಜಿನೋನೇ ಹೇಳ್ಲಿಲ್ವಾ? ಸುಟ್ಟೋಳು ನೀನು."

"ಅವನು ಬಾನೆಟ್ ಎತ್ತಿದ, ಕೈ ಮುಗಿದ, ಮುಚ್ಚಿದ. ಅಷ್ಟೇ ಅವನು ನೋಡಿದ್ದು!" ಅವಳು ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿ ಎಳೆದು ಅವನ ಮೂಗಿನ ಮುಂದೆ ಹಿಡಿದಳು. "ಗ್ಯಾಸ್ಕೆಟ್ ಹೋಗಿದ್ರೆ ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಕಾಫಿ ಥರ ಆಗ್ತಿತ್ತು. ಆಗಿದ್ಯಾ? ಹೊಗೆ ಬೆಳ್ಳಗೆ ಬರ್ತಿತ್ತು. ಬರುತ್ತಾ? ರೇಡಿಯೇಟರಲ್ಲಿ ಗುಳ್ಳೆ ಏಳ್ತಿತ್ತು. ಎದ್ದಿದ್ದು ಯಾರಾದ್ರೂ ನೋಡಿದೀರಾ?"

"ಹಾಗಾದ್ರೆ ಹೊರಗೆ ಸೋರ್ಬೇಕಲ್ಲ ಅಕ್ಕಾ," ಎಂದು ಥವೀ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಹಲ್ಲು ಕಿರಿದ. "ನೆಲದ ಮೇಲೆ ಒಂದು ಹನಿ ತೋರ್ಸು ನೋಡೋಣ."

ಬುವಾಲೈ ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ಅಂಗಾತ ಮಲಗಿ ಹುಡುಕಿದ್ದಳು. ನೆಲ ಒಣಗಿಯೇ ಇರುತ್ತಿತ್ತು. ತನ್ನದೇ ತಪ್ಪಿರಬಹುದೇನೋ ಎಂದು ರಾತ್ರಿಯೆಲ್ಲ ಹೊರಳಾಡಿದ್ದೂ ಉಂಟು.

"ಸ್ಟಾರ್ಟ್ ಮಾಡು. ನಾನು ಸಾಕು ಅನ್ನೋವರೆಗೂ ರೇಸ್ ಕೊಡು," ಎಂದಳು ಥವೀಗೆ.

ಎಂಜಿನ್ ಗುಡುಗುಟ್ಟಿತು. ಬಿಸಿ ಏರಿದಂತೆ ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ ಎದ್ದಿತು, ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟಿನದು. ಬುವಾಲೈ ಬಾನೆಟ್ಟಿನೊಳಗೆ ಬಗ್ಗಿ ಮೂಸುತ್ತ ಹೋದಳು. ಮೂಗು ಹೋಗಿ ನಿಂತದ್ದು ಮೂರು ಬಣ್ಣದ ಬಟ್ಟೆಯ ಹತ್ತಿರ. ಅದು ಮೇ ಯಾ ನಾಂಗ್‌ಗೆ ಉಡಿಸಿದ ಬಟ್ಟೆ, ಗಾಡಿಯಲ್ಲಿ ಅವಳಿರುವ ಗುರುತು. ಎಲ್ಲರ ಗಾಡಿಯಲ್ಲೂ ಅದು ಒಳಗೆ ಕನ್ನಡಿಯ ಬಳಿ ಇರುತ್ತದೆ. ಇಲ್ಲೂ ಮೊದಲು ಹಾಗೇ ಇತ್ತು. ಹೆಂಗಸಿನ ಮೈಲಿಗೆ ತಾಗಬಾರದೆಂದು ಹೊಸ ವರ್ಷದ ದಿನ ಇಂಟಾನೇ ಬಿಚ್ಚಿ ತಂದು ಬಾನೆಟ್ಟಿನೊಳಗೆ, ರೇಡಿಯೇಟರಿನ ಮೇಲಿನ ಪೈಪಿಗೆ, ಬೀಳದಿರಲಿ ಎಂದು ತಂತಿ ಸುತ್ತಿ ಕಟ್ಟಿದ್ದ.

"ಸಾಕು, ಆಫ್ ಮಾಡು," ಎಂದು ಕೈಚಾಚಿದಳು.

"ಏಯ್! ಮುಟ್ಬೇಡ! ಭಿಕ್ಷುಗಳು ಮಂತ್ರಿಸಿದ್ದು ಅದು!" ಎಂದು ಇಂಟಾ ಕೂಗಿದ.

ಅವಳು ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು. "ಅಮ್ಮಾ, ನಿನ್ನ ಸೀರೆಗೆ ಕೈ ಹಾಕ್ತಿದೀನಿ, ತಪ್ಪು ತಿಳ್ಕೋಬೇಡ," ಎಂದು ಇಕ್ಕಳದಿಂದ ತಂತಿ ತುಂಡರಿಸಿದಳು. ಬಟ್ಟೆ ನೆಂದು ಭಾರವಾಗಿತ್ತು. ತಂತಿ ಕೊರೆದು ಕೊರೆದು ಪೈಪನ್ನು ಸೀಳಿತ್ತು. ಸೀಳಿನಿಂದ ಹಸಿರು ನೀರು ಎಳೆಯಾಗಿ ಚಿಮ್ಮುತ್ತಿತ್ತು. ಅಷ್ಟೂ ನೀರನ್ನು ಬಟ್ಟೆ ಹೀರುತ್ತಿತ್ತು, ಎಂಜಿನ್ನಿನ ಕಾವು ಒಣಗಿಸುತ್ತಿತ್ತು. ನೆಲಕ್ಕೆ ಬೀಳುವುದೆಲ್ಲಿಂದ?

ಇಂಟಾನ ಕಾಲ ಬಳಿ ಅವಳು ಬಟ್ಟೆಯನ್ನು ಹಿಂಡಿದಳು. ಹಸಿರು ನೀರು ಧಾರೆಯಾಗಿ ಇಳಿಯಿತು.

"ತಗೊಳ್ಳಿ, ಹನಿ ಕೇಳಿದ್ರಲ್ಲ. ಅಮ್ಮನ್ನ ನನ್ನಿಂದ ಕಾಪಾಡೋಕೆ ಕೊಂಡೊಯ್ದು ಒಲೆಯೊಳಗೆ ಕಟ್ಟಿದ್ರಿ. ಮೈಲಿಗೆ ನಂದಾ?"

ಎಂಜಿನ್ ತಣ್ಣಗಾದ ಮೇಲೆ ಅವಳು ಪೈಪಿನ ಸೀಳಿದ ತುದಿಯನ್ನು ಕತ್ತರಿಸಿ, ಮತ್ತೆ ಸಿಕ್ಕಿಸಿ, ಕ್ಲಿಪ್ ಬಿಗಿದು ನೀರು ತುಂಬಿದಳು. ಥವೀಯಿಂದ ಮತ್ತೆ ಸ್ಟಾರ್ಟ್ ಮಾಡಿಸಿ, ಬಿಸಿಯೇರುವವರೆಗೂ ನೋಡಿದಳು. ಪೈಪು ಒಣಗಿಯೇ ಇತ್ತು.

"ಸರಿ ಹೋಯ್ತಲ್ಲ," ಎಂದು ಇಂಟಾ ಗಂಟಲು ಸರಿಮಾಡಿಕೊಂಡ. "ಥವೀ, ಹೊರಡು. ಹೊತ್ತಾಯ್ತು. ಎಲ್ರೂ ಹತ್ತಿ."

ಒಬ್ಬರೂ ಹತ್ತಲಿಲ್ಲ. ಕಾಮ್‌ಪನ್ ಅಜ್ಜಿ ಅದಾಗಲೇ ಗಾಡಿಗೇರಿಸಿದ್ದ ತನ್ನ ಬುಟ್ಟಿಯನ್ನು ಇಳಿಸಿಕೊಂಡು, ನೆಲದ ಮೇಲೆ ಕೂತು, ಎಲೆ ಅಡಿಕೆ ಬಿಚ್ಚಿದಳು. "ನನ್ ಕೋಸು ಬಾಡಿದ್ರೂ ಚಿಂತಿಲ್ಲ. ಈ ವಯಸ್ಸಲ್ಲಿ ಚರಂಡಿಗೆ ಬೀಳೋಕೆ ನಂಗಿಷ್ಟ ಇಲ್ಲಪ್ಪ."

ಥವೀ ಎಂಜಿನ್ ನಿಲ್ಲಿಸಿ, ಇಳಿದು ಬಂದು, ಮಾವನ ಮುಖ ನೋಡದೆ ಕೀಯನ್ನು ಅವನ ಅಂಗೈಯಲ್ಲಿಟ್ಟ. ಇಂಟಾ ಅದನ್ನು ಮುಚ್ಚಿದ ಬಾನೆಟ್ಟಿನ ಮೇಲೆ ಎಸೆದ. "ತಗೊಂಡು ಹೋಗು."

ಬುವಾಲೈ ಬಕೆಟ್ಟಿನ ಬಳಿ ಕೂತು ಒಂದೊಂದೇ ಬೆರಳನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕೈಗೆ ಕೊಡಿ, ಯಜಮಾನ್ರೇ."

ಇಂಟಾ ಹೆಂಗಸರ ಕಡೆ ನೋಡಿದ. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವನು ಕೀಯನ್ನು ಎತ್ತಿಕೊಂಡ. ಬಾನೆಟ್ಟಿನ ಕಾವಿಗೆ ಅದು ಕಾದಿತ್ತು. ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಳ್ಳುತ್ತ ಅವನು ಅಂಗಳ ದಾಟಿ ಅವಳ ಬಳಿಗೆ ಬಂದ.