ಎರಡನೇ ಶನಿವಾರದ ಹೂವು

ಕಾಫಿ ತೋಟದ ಮೇಲಿನ ಗುಡ್ಡದಿಂದ ಸ್ಪ್ರಿಂಕ್ಲರಿನ ಚಟ್ ಚಟ್ ಸದ್ದು ಕೇಳಿದಾಗ ಅಂಜನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ಕೈ ನಿಲ್ಲಿಸಿ ಕಿವಿಗೊಟ್ಟರು. ಅದೇ ಸದ್ದು. ತಂಬಿಗೆಯನ್ನು ಹಾಗೇ ಗೋಡೆಯ ಗೂಡಿನಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೆರೆಯ ಕಡೆ ನಡೆದರು. ಕೊಯ್ಲು ಮುಗಿದು ಆರು ದಿನವಾಗಿತ್ತು ಅಷ್ಟೆ. ಗಿಡಗಳು ಇನ್ನೂ ಹೆತ್ತ ಮೈಯಲ್ಲಿದ್ದವು.

ಕೆರೆ ಏರಿಯ ಮೇಲೆ, ಪಂಪಿನ ಪಕ್ಕದಲ್ಲಿ, ಅವರ ತಮ್ಮ ಜಯದೇವಪ್ಪ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ನಿಂತಿದ್ದ. ಆ ಪ್ಯಾಂಟು ಕಂಡರೆ ಸಾಕು, ಏನೋ ತಿಳಿಗೇಡಿತನ ನಡೆದಿದೆ ಎಂದು ಅಂಜನಮ್ಮನಿಗೆ ಗೊತ್ತಾಗುತ್ತಿತ್ತು. ಕೆಲಸದ ದಿನಗಳಲ್ಲಿ ಅವನು ಲುಂಗಿ ಸುತ್ತಿಕೊಂಡು ಮಲಗಿರುತ್ತಿದ್ದ.

"ಈಗ್ಲೇ ನೀರು ಬಿಡು ಅಂತ ಯಾರು ಹೇಳಿದ್ರು ನಿಂಗೆ?"

"ಮುಂದಿನ ವಾರ ಬೆಂಗಳೂರಿನವರು ತೋಟ ನೋಡಕ್ಕೆ ಬರ್ತಾರೆ ಅಕ್ಕ. ಇವತ್ತು ಹಾಯ್ಸಿದ್ರೆ ಒಂಬತ್ತನೇ ದಿನಕ್ಕೆ ಗುಡ್ಡ ಪೂರ್ತಿ ಬೆಳ್ಳಗಾಗಿರ್ತದೆ."

"ಆಗ್ತದೆ. ಆಮೇಲೆ ಇಪ್ಪತ್ತು ದಿನದೊಳಗೆ ಎರಡನೇ ನೀರು ಕೊಡ್ಬೇಕಲ್ಲ ಮಾರಾಯ, ಅದೆಲ್ಲಿದೆ ಕೆರೇಲಿ? ಹೂವೆಲ್ಲ ಕರಕಲಾಗಿ ಹೋಗ್ತದೆ. ಒಂದು ಕಾಯಿ ನಿಲ್ಲಲ್ಲ."

"ಕಾಯಿ ಅವರ ಹಣೇಬರ," ಎಂದ ಜಯದೇವಪ್ಪ. "ನಾವು ಮಾರೋದು ಹೂವು."

ಐವತ್ತು ದಾಟಿದ ಗಂಡಸು ಆ ಮಾತನ್ನು ನಗುತ್ತ ಹೇಳಿದ.

ಕಾಫಿ ಬೆಲೆ ನೆಲಕಚ್ಚಿ ಮೂರು ವರ್ಷವಾಗಿತ್ತು. ಬಣಕಲ್‌ನಿಂದ ಜಾವಳಿಯವರೆಗೂ ಎಷ್ಟೋ ಜನ ತೋಟ ಮಾರಲು ಕೂತಿದ್ದರು. ಆದರೆ ಅವರು ತೋಟವನ್ನು ತೋಟ ಎಂದೇ ಹೇಳಿ ಮಾರುತ್ತಿದ್ದರು. ಜಯದೇವಪ್ಪ ಮಾತ್ರ ಇಂಗ್ಲಿಷ್ ಪೇಪರಿನಲ್ಲಿ, ನೂರಿಪ್ಪತ್ತು ವರ್ಷದ ಐತಿಹಾಸಿಕ ಎಸ್ಟೇಟು, ರಮಣೀಯ ಕಣಿವೆ, ಬಿಳಿ ದೊರೆ ಕಟ್ಟಿಸಿದ ಬಂಗಲೆ ಎಂದು ಹಾಕಿಸಿದ್ದ. ಆ ಬಂಗಲೆಗೆ ಬುನಾದಿ ತೋಡಿದಾಗ ಮಂಕರಿಯಲ್ಲಿ ಜಲ್ಲಿ ಹೊತ್ತವರ ಪೈಕಿ ಹತ್ತು ವರ್ಷದ ಅಂಜನಮ್ಮನೂ ಒಬ್ಬರು. ದೊರೆಯನ್ನು ಜಯದೇವಪ್ಪ ಚಿಕ್ಕಮಗಳೂರಿನ ಗುಜರಿಯಿಂದ ತಂದು ಜಗಲಿಯ ಗೋಡೆಗೆ ನೇತುಹಾಕಿದ್ದ. ಯಾವ ಊರಿನವನೋ, ಗಿರಿಜಾ ಮೀಸೆಯ ಮುದುಕ. ಅವನ ಫೋಟೋಕ್ಕಾಗಿ ಅಪ್ಪನ ಫೋಟೋ ಒಳಗಿನ ಕೋಣೆಗೆ ಹೋಗಿತ್ತು.

ಅಂಜನಮ್ಮ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಮ್ಮ ಕ್ಲಬ್ಬಿನಲ್ಲಿ ಇಸ್ಪೀಟು ಕಲಿಯುತ್ತಿದ್ದ ಕಾಲದಲ್ಲಿ ಅವರು ಆಳುಗಳ ಜೊತೆ ಚಿಗುರು ತೆಗೆಯುವುದು, ನೆರಳುಮರದ ರೆಂಬೆ ಕಡಿಸುವುದು ಕಲಿತರು. ಸಾಯುವ ಮುಂಚೆ ಅಪ್ಪ ಕಣಿವೆಯ ತಳದ ಎರಡು ಎಕರೆ ತೋರಿಸಿ, "ಇದು ಅಂಜನಂದು" ಅಂದಿದ್ದರು. ಬಾಯಿಮಾತು. ಕಾಗದಕ್ಕೆ ಏರಲೇ ಇಲ್ಲ. ತೋಟ ಮಾರಿದರೆ ಆ ಎರಡು ಎಕರೆಯೂ ಹೋಗುತ್ತದೆ. ಆಮೇಲೆ ಅವರಿಗೆ ಉಳಿಯುವುದು, ಚಿಕ್ಕಮಗಳೂರಿನಲ್ಲಿ ತಮ್ಮ ಕಟ್ಟಿಸುವ ಮನೆಯ ಗ್ಯಾರೇಜಿನ ಮೇಲಿನ ಒಂದು ಕೋಣೆ. "ಫ್ಯಾನ್ ಹಾಕಿಸ್ತೀನಿ ಅಕ್ಕ," ಎಂದು ತಮ್ಮ ಮಾತು ಕೊಟ್ಟಿದ್ದ.

ಅವತ್ತು ಕೆರೆಯ ನೀರು ಮೇಲಿನ ಗುಡ್ಡಕ್ಕೇ ಮುಗಿಯಿತು. ತಳದ ಎರಡು ಎಕರೆಗೆ ಪೈಪು ಎಳೆಯುವ ಹೊತ್ತಿಗೆ ಪಂಪು ಕೆಸರು ಉಗುಳತೊಡಗಿತ್ತು.

ಒಂಬತ್ತನೇ ದಿನ ಗುಡ್ಡ ಬೆಳ್ಳಗಾಯಿತು. ಬೆಂಗಳೂರಿನ ಶಶಿಧರ್ ಹೆಂಡತಿಯೊಡನೆ ಕಾರಿನಿಂದ ಇಳಿದವರೇ ಕೈ ಅಗಲಿಸಿ ನಿಂತರು. ಆಕೆ, "ಎಷ್ಟು ಮಲ್ಲಿಗೆ ಹಾಕಿದೀರಾ!" ಎಂದರು.

"ಕಾಫಿ ಮೇಡಂ," ಎಂದ ಜಯದೇವಪ್ಪ, ತಪ್ಪು ತನ್ನದೇ ಎಂಬಂತೆ. ಆಮೇಲೆ ಗೋಡೆಯ ಮುದುಕನನ್ನು ತೋರಿಸಿ, ದೊರೆ ಇದೇ ಜಗಲಿಯಲ್ಲಿ ಕೂತು ಹುಲಿಗೆ ಗುಂಡು ಹೊಡೆದ ಕಥೆ ಹೇಳಿದ. ಕಾಫಿ ತಂದ ಅಂಜನಮ್ಮ ತಟ್ಟೆ ಹಿಡಿದುಕೊಂಡು ಹುಲಿ ಸಾಯುವವರೆಗೂ ಕಾದರು. ಆಮೇಲೆ ಹೇಳಿದರು:

"ಇದು ಕಾಯಿ ಕಟ್ಟೋ ಹೂವಲ್ಲ. ನಿಮಗೆ ತೋರ್ಸಕ್ಕೆ ಅಂತ ನೀರು ಹಾಯ್ಸಿದ್ದು. ಈ ವರ್ಷ ಇಲ್ಲಿ ಫಸಲು ಇಲ್ಲ."

ಜಯದೇವಪ್ಪನ ಮುಖ ಸುಣ್ಣವಾಯಿತು. ಶಶಿಧರ್ ಮಾತ್ರ ಜೋರಾಗಿ ನಕ್ಕರು.

"ಫಸಲು ಯಾರಿಗೆ ಬೇಕಮ್ಮಾ? ನಾವು ರೆಸಾರ್ಟ್ ಮಾಡೋರು. ಕೆಳಗೆ ತಗ್ಗಲ್ಲಿ ಕಾಣ್ತದಲ್ಲ, ಅಲ್ಲಿ ಸ್ವಿಮ್ಮಿಂಗ್ ಪೂಲು." ಅವರ ಬೆರಳು ತಳದ ಎರಡು ಎಕರೆಯ ನಟ್ಟನಡುವೆ ನೆಟ್ಟಿತ್ತು. "ಅಂದ್ರೆ ನೀರು ಬಿಟ್ರೆ ಹೂವು ಬರುತ್ತಾ? ಬೇಕಾದಾಗ?"

"ಬೇಕಾದಾಗ ಸರ್," ಎಂದ ಜಯದೇವಪ್ಪ, ಹೋದ ಜೀವ ಬಂದವನಂತೆ.

"ಹಾಗಾದ್ರೆ ಏಪ್ರಿಲ್ ಎರಡನೇ ಶನಿವಾರ ನಮ್ಮ ಪಾಲುದಾರರನ್ನ ಕರ್ಕೊಂಡು ಬರ್ತೀನಿ. ಅವತ್ತು ಹೂವು ತೋರ್ಸಿ. ಅಲ್ಲೇ ಅಗ್ರಿಮೆಂಟು."

ಅಂಜನಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಸುಳ್ಳನನ್ನು ಹಿಡಿದುಕೊಡಬಹುದು. ಸುಳ್ಳೇ ಸಾಕು ಎನ್ನುವವನ ಹತ್ತಿರ ಹೇಳುವುದೇನು?

ನಾಲ್ಕೇ ದಿನಕ್ಕೆ ಮೇಲಿನ ಗುಡ್ಡದ ಹೂವು ಕಂದಿ, ಹಳೇ ಹತ್ತಿಯ ಹಾಗೆ ಗೊಂಚಲಲ್ಲೇ ಒಣಗಿ ಕೂತಿತು. ಮೊಗ್ಗು ಉಳಿದದ್ದು ತಳದ ಎರಡು ಎಕರೆಯಲ್ಲಿ ಮಾತ್ರ. ವರ್ಷಗಟ್ಟಲೆ ಆ ಕಡೆ ಕಾಲಿಡದ ಜಯದೇವಪ್ಪ ದಿನಕ್ಕೆ ಎರಡು ಸಲ ಇಳಿದು, ರೆಂಬೆ ಬಗ್ಗಿಸಿ ಮೊಗ್ಗು ನೋಡತೊಡಗಿದ. ಏಪ್ರಿಲ್ ಮೂರಕ್ಕೆ ನೀರಿನ ಟ್ಯಾಂಕರ್ ತರಿಸುವುದು, ಎರಡನೇ ಶನಿವಾರಕ್ಕೆ ಹೂವು. ಅದು ಅವನ ಲೆಕ್ಕ.

ಮಾರ್ಚ್ ಇಪ್ಪತ್ತರ ಮಧ್ಯಾಹ್ನ ಕುದುರೆಮುಖದ ಕಡೆಯಿಂದ ಮೋಡ ಎದ್ದಿತು. ಮಲೆನಾಡಿನಲ್ಲಿ ಕಾಫಿ ಬೆಳೆಯುವ ಯಾವನೂ ಆ ಮೋಡವನ್ನು ಬೈದದ್ದಿಲ್ಲ. ಮೊಗ್ಗು ಅರಳಿಸುವ ಹೂಮಳೆಗೆ ಜನ ಹರಕೆ ಹೊರುತ್ತಾರೆ. ಜಯದೇವಪ್ಪ ಕಣಕ್ಕೆ ಓಡಿಹೋಗಿ, ಕಾಫಿ ಒಣಗಿಸುವ ಟಾರ್ಪಾಲುಗಳನ್ನೆಲ್ಲ ಹೊರಿಸಿಕೊಂಡು ಬಂದು, ತಳದಲ್ಲಿ ಜಗಲಿಗೆ ಕಾಣುವಷ್ಟು ಗಿಡಗಳ ನೆತ್ತಿಗೆ ಮುಚ್ಚಿಸಿ ಹಗ್ಗ ಬಿಗಿಸಿದ. ಆಳುಗಳು ಮುಖ ಮುಖ ನೋಡಿಕೊಂಡರು. ಹಳೆಯ ಆಳು ದ್ಯಾವಮ್ಮ ನೇರವಾಗಿ ಅಂಜನಮ್ಮನ ಅಡಿಗೆಮನೆಯ ಬಾಗಿಲಿಗೆ ಬಂದಳು.

"ಅಮ್ಮಾ, ಅಯ್ಯಾರು ಗಿಡಕ್ಕೆ ಕಂಬಳಿ ಹೊದಿಸ್ತಾವ್ರೆ. ಥಂಡಿ ಆಯ್ತದಂತೆ."

ಅಂಜನಮ್ಮ ನಗಲಿಲ್ಲ. ಕತ್ತಿ ತೆಗೆದುಕೊಂಡು ಇಳಿದರು. ಅವರು ತಳ ಮುಟ್ಟುವ ಹೊತ್ತಿಗೆ ದಪ್ಪ ಹನಿ ಬೀಳತೊಡಗಿತ್ತು. ಟಾರ್ಪಾಲಿನ ಮೇಲೆ ನೀರು ತುಂಬಿ ರೆಂಬೆಗಳು ಬಾಗುತ್ತಿದ್ದವು. ಒಂದು ಆಗಲೇ ಲಟಕ್ಕೆಂದು ಸಿಗಿದಿತ್ತು. ಅವರು ಹಗ್ಗ ಕೊಯ್ಯುತ್ತ ಹೋದರು, ದ್ಯಾವಮ್ಮ ಎಳೆದು ಹಾಕುತ್ತ ಬಂದಳು.

ಜಯದೇವಪ್ಪ ಛತ್ರಿ ಹಿಡಿದು ಮೇಲಿನ ದಾರಿಯಲ್ಲಿ ನಿಂತು ಕೂಗಿದ. "ಅಕ್ಕ! ಹುಚ್ಚು ಹಿಡೀತಾ? ಇವತ್ತು ನೆಂದ್ರೆ ಮೊಗ್ಗು ಈಗ್ಲೇ ಅರಳಿಬಿಡ್ತದೆ, ಎರಡನೇ ಶನಿವಾರಕ್ಕೆ ಒಂದು ಹೂವಿರಲ್ಲ. ನಿನ್ನ ಕೋಣೆನೂ ಹೋಯ್ತು ತಿಳ್ಕೊ!"

"ಫ್ಯಾನೂ ಹೋಯ್ತಾ?" ಎಂದರು ಅಂಜನಮ್ಮ, ತಲೆ ಎತ್ತದೆ.

"ನಾನು ಹೇಳ್ತಿರೋದು ಕೇಳ್ತಾ ಇಲ್ವಾ?"

"ಕೇಳ್ತಾ ಇದೆ. ನೀನು ಮಾರೋ ಹೂವು ಮೇಲೆ ಒಣಗಿ ನಿಂತಿದೆ, ಹೋಗಿ ಅದಕ್ಕೆ ಛತ್ರಿ ಹಿಡಿ. ಇದು ಅಪ್ಪ ನಂಗೆ ಕೊಟ್ಟಿದ್ದು. ಇದು ಕಾಯಿ ಬಿಡ್ಲಿ."

ಅವನು ಇಳಿದು ಬಂದು ಕತ್ತಿ ಕಿತ್ತುಕೊಳ್ಳಬಹುದಿತ್ತು. ದಾರಿ ಕೆಸರಾಗಿತ್ತು. ಅವನು ಇಳಿಯಲಿಲ್ಲ.

ಒಂಬತ್ತನೇ ದಿನ ತಳದ ಎರಡು ಎಕರೆ ಅರಳಿತು, ನೋಡಲು ಜೇನುಹುಳ ಬಿಟ್ಟರೆ ಯಾರೂ ಬರಲಿಲ್ಲ. ಮತ್ತೆ ಹತ್ತು ದಿನಕ್ಕೆ, ಕಾಯಿ ಕಚ್ಚಲು ಬೇಕಾದ ಎರಡನೇ ನೀರಾಗಿ, ಇನ್ನೊಂದು ಮಳೆ ತಾನಾಗಿಯೇ ಹೊಯ್ಯಿತು.

ಎರಡನೇ ಶನಿವಾರ ಎರಡು ಕಾರು ಬಂದವು. ಪಾಲುದಾರರು ಜಗಲಿಯಲ್ಲಿ ನಿಂತು ಮೇಲೆ ನೋಡಿದರು, ಕಂದು. ಕೆಳಗೆ ನೋಡಿದರು, ಹಸಿರು. "ಎಲ್ರೀ ಹೂವು?" ಎಂದು ಶಶಿಧರ್ ಕೇಳಿದರು. ಜಯದೇವಪ್ಪ ಹುಲಿಯ ಕಥೆ ಶುರುಮಾಡಿದ. ಹುಲಿಗೆ ಗುಂಡು ತಾಗುವ ಮೊದಲೇ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಸಂಜೆ ಅವನು ಅದೇ ಇಸ್ತ್ರಿ ಪ್ಯಾಂಟಿನಲ್ಲಿ ತಳಕ್ಕೆ ಇಳಿದು ಬಂದ. ಅಂಜನಮ್ಮ ಗಿಡದಡಿ ಕುಕ್ಕರಗಾಲಿನಲ್ಲಿ ಕೂತು ಫಸಲಿಗೆ ಬೇಡದ ಕಸಿಚಿಗುರು ಚಿವುಟುತ್ತಿದ್ದರು. ರೆಂಬೆ ತುಂಬ ಒಣಗಿದ ಹೂವಿನ ಬುಡದಲ್ಲಿ ಗುಂಡುಸೂಜಿಯ ತಲೆಯಷ್ಟು ಹಸಿರು ಮೂಡಿತ್ತು.

ಒಂದು ರೆಂಬೆ ಬಗ್ಗಿಸಿ ನೋಡಿ, "ಅಕ್ಕ," ಎಂದ. "ನಮ್ಮದು ಇಲ್ಲಿ ಎಷ್ಟು ಕಾಯಿ ಕಚ್ಚಿದೆ?"

ನಮ್ಮದು ಎಂದದ್ದು ಅಂಜನಮ್ಮನಿಗೆ ಕೇಳಿಸಿತು. ಅವರು ಪಕ್ಕದ ಗಿಡಕ್ಕೆ ಸರಿದರು. ಅವನ ಪ್ಯಾಂಟಿನ ಇಸ್ತ್ರಿ ಗೆರೆ ಹಿಡಿದು ರಕ್ತ ಹೀರುವ ಒಂದು ಇಂಬಳ ಆತುರವಿಲ್ಲದೆ ಮೇಲೆ ಹತ್ತುತ್ತಿತ್ತು. ಅದು ಮಂಡಿ ದಾಟುವವರೆಗೂ ನೋಡಿದರು. ಆಮೇಲೆ ಇನ್ನೊಂದು ಚಿಗುರು ಚಿವುಟಿದರು.